ಪಿಂಚಣಿಗೆ ಅಂತ ದುಡ್ಡು ಕಟ್ಟಿದರೆ ನಮ್ಮಂಥವರಿಗೂ ಸರ್ಕಾರ ತೆರಿಗೆ ವಾಪಸ್ ಕೊಡುತ್ತಾ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ವಯಸ್ಸು 35. ಬ್ಲೌಸ್, ಚೂಡಿದಾರ್ ಹೊಲಿದು ತಿಂಗಳಿಗೆ 4,000 ರೂಪಾಯಿ ಆಗುತ್ತದೆ. ಬೇಸಿಗೆಯಲ್ಲಿ ಗುತ್ತಿಗೆದಾರರೊಬ್ಬರಿಂದ ಶಾಲೆ ಯೂನಿಫಾರ್ಮ್ ಕೆಲಸ ಸಿಗುತ್ತದೆ. ಹೋದ ವರ್ಷ ಅದರಿಂದ 1,20,000 ಬಂತು, ಆದರೆ 1,200 ರೂಪಾಯಿ ಟಿಡಿಎಸ್ (ದುಡ್ಡು ಕೊಡುವಾಗಲೇ ಕಳೆಯುವ ತೆರಿಗೆ) ಅಂತ ಹಿಡಿದುಕೊಂಡರು. ಯಜಮಾನರಿಗೆ 43. ಬೈತಕೋಲ ಬಂದರಿನಿಂದ ಬೇರೆಯವರ ಬೋಟಿಗೆ ಪಾಲಿನ ಲೆಕ್ಕದಲ್ಲಿ ಹೋಗುತ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷ ಸಿಕ್ಕರೆ ಹೆಚ್ಚು. ಇಬ್ಬರಿಗೂ ಪಿಎಫ್ ಇಲ್ಲ, ಏನೂ ಇಲ್ಲ. ಚಿಕ್ಕಮ್ಮನ ಮಗ ನ್ಯೂಜೆರ್ಸಿಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅಲ್ಲಿ ಕಡಿಮೆ ಆದಾಯದವರು ಮುಪ್ಪಿಗೆ ಅಂತ ದುಡ್ಡು ಇಟ್ಟರೆ ಸರ್ಕಾರ ಅರ್ಧ ವಾಪಸ್ ಕೊಡುತ್ತದೆ ಅಂದ. ಇಲ್ಲಿ ಪರಿಚಯದ ಏಜೆಂಟ್ ಒಬ್ಬರು ವರ್ಷಕ್ಕೆ 25,000 ಕಟ್ಟುವ ಪಾಲಿಸಿ ತಂದಿದ್ದಾರೆ, ತೆರಿಗೆ ಉಳಿಯುತ್ತದೆ, ಮುಂದೆ ಪಿಂಚಣಿಯೂ ಬರುತ್ತದೆ ಅನ್ನುತ್ತಾರೆ. ಸಹಿ ಹಾಕಲಾ?

ಉತ್ತರ: ಹಾಕಬೇಡಿ ತಂಗಿ. ಈಗಾಗಲೇ ಹಾಕಿದ್ದರೂ ಗಾಬರಿ ಬೇಡ, ಪಾಲಿಸಿ ಪತ್ರ ಕೈಗೆ ಬಂದು 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟರೆ ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ವಾಪಸ್ ಬರುತ್ತದೆ.

ಪಾಲಿಸಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆಮೇಲಿನ ಮಾತು. ನಿಮಗೆ ಉಳಿಸುವುದಕ್ಕೆ ತೆರಿಗೆಯೇ ಇಲ್ಲ, ಅದು ಮೊದಲ ಮಾತು. ತೆರಿಗೆ ರಿಯಾಯಿತಿ ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡುವುದು. ಕಟ್ಟಬೇಕಾದ್ದೇ ಸೊನ್ನೆ ಇದ್ದರೆ ಕಡಿಮೆ ಮಾಡುವುದಾದರೂ ಏನನ್ನು? ನಿಮ್ಮಂಥವರಿಗೆ ಬೇಕಿರುವುದು ರಿಯಾಯಿತಿ ಅಲ್ಲ. ನೀವು ಒಂದು ರೂಪಾಯಿ ಹಾಕಿದರೆ ಸರ್ಕಾರವೂ ಒಂದು ರೂಪಾಯಿ ನಿಮ್ಮ ಖಾತೆಗೆ ಹಾಕುವಂಥ ವ್ಯವಸ್ಥೆ. ಅದು ಇದೆ, ನಿಮ್ಮ ವಯಸ್ಸಿಗೆ ಇನ್ನೂ ಬಾಗಿಲು ತೆರೆದೇ ಇದೆ, ಆದರೆ ಅದನ್ನು ಮನೆ ಬಾಗಿಲಿಗೆ ತಂದು ಹೇಳುವವರು ಇಲ್ಲ, ಯಾಕೆಂದರೆ ಅದರಲ್ಲಿ ಯಾರಿಗೂ ದೊಡ್ಡ ಕಮಿಷನ್ ಇಲ್ಲ.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಸೇವರ್ಸ್ ಕ್ರೆಡಿಟ್ ಅಂತ ಒಂದಿದೆ. 2001ರ ಕಾಯ್ದೆಯಿಂದ ಬಂದದ್ದು, 2002ರಿಂದ ಜಾರಿಯಲ್ಲಿದೆ. ಕಡಿಮೆ ಆದಾಯದವರು ನಿವೃತ್ತಿ ಖಾತೆಗೆ ದುಡ್ಡು ಹಾಕಿದರೆ ಮೊದಲ 2,000 ಡಾಲರ್ ಮೇಲೆ ಶೇ. 50, 20 ಅಥವಾ 10ರಷ್ಟನ್ನು ಅವರ ಆದಾಯ ತೆರಿಗೆಯಲ್ಲಿ ಕಳೆಯುತ್ತಾರೆ. ಆದಾಯ ಕಡಿಮೆ ಇದ್ದಷ್ಟೂ ಪಾಲು ಜಾಸ್ತಿ. 2025ರ ಲೆಕ್ಕದಲ್ಲಿ ಒಂಟಿಯಾಗಿರುವವರಿಗೆ ವರ್ಷದ ಆದಾಯ 23,750 ಡಾಲರ್ ಒಳಗಿದ್ದರೆ ಶೇ. 50 ಸಿಗುತ್ತದೆ, 39,500 ದಾಟಿದರೆ ಏನೂ ಇಲ್ಲ.

ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಇದರಲ್ಲಿ ಒಂದು ದೊಡ್ಡ ತೂತು ಇದೆ, ಅದು ನಿಮ್ಮ ತಮ್ಮನಂಥ ಸ್ವಂತ ದುಡಿಮೆಯವರಿಗೇ ಜಾಸ್ತಿ ತಟ್ಟುತ್ತದೆ. ಈ ಕ್ರೆಡಿಟ್ ಆದಾಯ ತೆರಿಗೆಯನ್ನು ಸೊನ್ನೆಯವರೆಗೆ ಇಳಿಸುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಅಂದರೆ ಮಿಕ್ಕಿದ್ದನ್ನು ನಗದಾಗಿ ಕೊಡುವುದಿಲ್ಲ. ಒಬ್ಬ ಒಂಟಿ ಟ್ಯಾಕ್ಸಿ ಚಾಲಕನಿಗೆ ಪೆಟ್ರೋಲು, ರಿಪೇರಿ ಎಲ್ಲ ಕಳೆದು ವರ್ಷಕ್ಕೆ 22,000 ಡಾಲರ್ ಉಳಿಯಿತು ಅಂತಿಟ್ಟುಕೊಳ್ಳಿ. ಅಲ್ಲಿನ ಕಡಿತಗಳೆಲ್ಲ ಆದಮೇಲೆ ಅವನ ಆದಾಯ ತೆರಿಗೆ 400 ಡಾಲರ್‌ ಒಳಗೇ ಬರುತ್ತದೆ. ಅವನು ರಾತ್ ಐಆರ್‌ಎ ಅನ್ನುವ ನಿವೃತ್ತಿ ಖಾತೆಗೆ 2,000 ಹಾಕಿದರೆ ಲೆಕ್ಕದ ಪ್ರಕಾರ 1,000 ಡಾಲರ್ ಕ್ರೆಡಿಟ್ ಬರಬೇಕು. ಸಿಗುವುದು ಆ 400 ಮಾತ್ರ. ಉಳಿದದ್ದು ಹೋಯಿತು. ಇನ್ನೊಂದು ಕಡೆ ಅದೇ ಮನುಷ್ಯ ಸ್ವಂತ ಉದ್ಯೋಗದ ತೆರಿಗೆ ಅಂತ ಶೇ. 15.3ರ ದರದಲ್ಲಿ 3,000 ಡಾಲರ್‌ಗೂ ಮೇಲೆ ಕಟ್ಟುತ್ತಾನೆ, ಅದು ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ ಮತ್ತು ಮೆಡಿಕೇರ್ ಆರೋಗ್ಯ ವಿಮೆಗೆ ಹೋಗುವ ದುಡ್ಡು, ಆ ತೆರಿಗೆಯಿಂದ ಈ ಕ್ರೆಡಿಟ್ಟನ್ನು ಕಳೆಯುವ ಹಾಗಿಲ್ಲ. ಹಾಗಾಗಿ ಜೇಬಿನಿಂದ ಸಾವಿರಾರು ಡಾಲರ್ ತೆರಿಗೆ ಹೋಗುತ್ತಿದ್ದರೂ ಬಡವನ ಪಾಲಿನ ಕ್ರೆಡಿಟ್ ಅರ್ಧಕ್ಕೇ ನಿಂತುಬಿಡುತ್ತದೆ.

ಅವರಿಗೂ ಇದು ಗೊತ್ತಾಯಿತು, ತಡವಾಗಿ. 2022ರ ಕೊನೆಯಲ್ಲಿ ಬಂದ ಸೆಕ್ಯೂರ್ 2.0 ಕಾಯ್ದೆಯಲ್ಲಿ ಈ ಕ್ರೆಡಿಟ್ ತೆಗೆದು ಸೇವರ್ಸ್ ಮ್ಯಾಚ್ ಅಂತ ಮಾಡಿದ್ದಾರೆ. 2027ರಿಂದ ಶುರು. ನೀವು 2,000 ಹಾಕಿದರೆ ಸರ್ಕಾರ 1,000ದವರೆಗೆ ನೇರವಾಗಿ ನಿಮ್ಮ ನಿವೃತ್ತಿ ಖಾತೆಗೇ ಹಾಕುತ್ತದೆ. ತೆರಿಗೆ ಸೊನ್ನೆ ಇದ್ದರೂ ಸರಿ. ನಿಮ್ಮ ತಮ್ಮನಿಗೆ ಇದನ್ನು ತಿಳಿಸಿ, ಅವನಿಗೆ ಉಪಯೋಗ ಆದೀತು.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಪಿಂಚಣಿ ಉಳಿತಾಯಕ್ಕೆ ಸಿಗುವ ತೆರಿಗೆ ಅನುಕೂಲ ಅಂದರೆ ಕಡಿತ. ಎಲ್‌ಐಸಿ, ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇಂಥದ್ದಕ್ಕೆಲ್ಲ ಸೇರಿ ಒಂದೂವರೆ ಲಕ್ಷದವರೆಗೆ, ಎನ್‌ಪಿಎಸ್‌ಗೆ ಅಂತಲೇ ಅದರ ಮೇಲೆ ಇನ್ನೂ 50,000. ಮುಂದೆ ಹೇಳುವ ಅಟಲ್ ಪಿಂಚಣಿಗೆ ಕಟ್ಟಿದ್ದೂ ಈ ಎನ್‌ಪಿಎಸ್ ಲೆಕ್ಕದಲ್ಲೇ ಬರುತ್ತದೆ. ಇಷ್ಟನ್ನು ಆದಾಯದಿಂದ ಕಳೆದು ತೆರಿಗೆ ಹಾಕುತ್ತಾರೆ. ಆದರೆ ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ, ಇದೆಲ್ಲ ಹಳೆಯ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ಕಡಿತಗಳು ಇಲ್ಲ.

ಹೊಸ ಪದ್ಧತಿಯಲ್ಲಿ 2025-26ರಿಂದ 4 ಲಕ್ಷದವರೆಗೆ ತೆರಿಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10. ಸರಿಯಾಗಿ 12 ಲಕ್ಷ ಆದಾಯ ಇದ್ದವರಿಗೆ 20,000 ಮತ್ತು 40,000 ಸೇರಿ 60,000 ತೆರಿಗೆ ಬರುತ್ತದೆ. ಅಷ್ಟನ್ನೂ ರಿಬೇಟ್ ಅಂತ ಮನ್ನಾ ಮಾಡುತ್ತಾರೆ. ಜಮೀನು, ಷೇರು ಮಾರಿದ ಲಾಭ ಇದ್ದರೆ ಅದರ ಲೆಕ್ಕ ಬೇರೆ, ಅದು ನಿಮ್ಮ ವಿಷಯ ಅಲ್ಲ. ಹಳೆಯ ಪದ್ಧತಿಗೆ ಹೋದರೂ 5 ಲಕ್ಷದವರೆಗೆ ತೆರಿಗೆ ಸೊನ್ನೆಯೇ.

ನಿಮ್ಮ ದುಡಿಮೆ ವರ್ಷಕ್ಕೆ 1,68,000. ದಾರ, ಗುಂಡಿ, ಕರೆಂಟು, ಮಷಿನ್ ರಿಪೇರಿ ಕಳೆದರೆ 1,40,000 ಉಳಿದೀತು. ಯಜಮಾನರದ್ದು ಒಂದೂವರೆ ಲಕ್ಷ, ಅದೂ ಬೇರೆ ಲೆಕ್ಕ, ಗಂಡ ಹೆಂಡತಿ ಆದಾಯ ಸೇರಿಸಿ ತೆರಿಗೆ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ಇಬ್ಬರೂ ತೆರಿಗೆಯ ಹೊಸಿಲಿಗೇ ಬಂದಿಲ್ಲ. 25,000 ಪಾಲಿಸಿಯಿಂದ ನಿಮಗೆ ಉಳಿಯುವ ತೆರಿಗೆ ಒಂದೇ ಒಂದು ರೂಪಾಯಿಯೂ ಅಲ್ಲ. ಉಳಿತಾಯ ಅಂತ ಹೇಳಿ ಮಾರುವವರು ನಿಮ್ಮ ಆದಾಯ ಎಷ್ಟು ಅಂತ ಮೊದಲು ಕೇಳಬೇಕಿತ್ತು. ಪ್ರತಿ ಮಾರ್ಚ್‌ನಲ್ಲಿ ಶಿರಸಿಯ ನನ್ನ ಆಫೀಸಿಗೆ ಇಂಥ ಪಾಲಿಸಿ ಹಿಡಿದುಕೊಂಡು ಬರುವವರಲ್ಲಿ ಆಟೋ ಓಡಿಸುವವರು, ಹೂ ಮಾರುವವರು, ಅಡಿಕೆ ಸುಲಿಯುವವರು ಇರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡು ವರ್ಷ ಕಷ್ಟಪಟ್ಟು ಕಟ್ಟಿರುತ್ತಾರೆ, ಮೂರನೇ ವರ್ಷ ಆಗುವುದಿಲ್ಲ, ನಿಲ್ಲಿಸಿದರೆ ಕಟ್ಟಿದ್ದರಲ್ಲೇ ಒಂದು ಭಾಗ ಹೋಗುತ್ತದೆ. ನಿಮ್ಮ ಆದಾಯದಲ್ಲಿ 25,000 ಅಂದರೆ ಎರಡು ತಿಂಗಳ ದುಡಿಮೆಗೂ ಜಾಸ್ತಿ. ಅದನ್ನು ಪ್ರತಿ ವರ್ಷ ತಪ್ಪದೆ ಕಟ್ಟುತ್ತೇನೆ ಅಂತ ಸಹಿ ಹಾಕುವುದು ನಿಮ್ಮ ಮನೆಗೆ ಆಗುವ ಮಾತಲ್ಲ.

ತೆರಿಗೆ ಇಲಾಖೆಯಿಂದ ನಿಮಗೆ ನಿಜವಾಗಿ ಬರಬೇಕಾದ ದುಡ್ಡು ಒಂದಿದೆ, ಅದು ಆ 1,200. ಗುತ್ತಿಗೆ ಕೆಲಸಕ್ಕೆ ಒಂದೇ ಸಲ 30,000ಕ್ಕಿಂತ ಹೆಚ್ಚು, ಇಲ್ಲವೇ ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಕೊಡುವಾಗ ಶೇ. 1 ಹಿಡಿಯಬೇಕು ಅಂತ ನಿಯಮ ಇದೆ, ಅದರಂತೆ ಹಿಡಿದಿದ್ದಾರೆ, ತಪ್ಪಿಲ್ಲ. ಪಾನ್ ಕೊಡದಿದ್ದರೆ ಶೇ. 20 ಹಿಡಿಯುತ್ತಿದ್ದರು, ನೀವು ಕೊಟ್ಟಿದ್ದೀರಿ, ಒಳ್ಳೆಯದಾಯಿತು. ಆ ದುಡ್ಡು ನಿಮ್ಮ ಪಾನ್ ಮೇಲೆ ಜಮಾ ಆಗಿದೆಯೋ ಇಲ್ಲವೋ ಮೊದಲು ನೋಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆದರೆ 26ಎಎಸ್ ಅಂತ ಒಂದು ಪಟ್ಟಿ ಸಿಗುತ್ತದೆ. ಗುತ್ತಿಗೆದಾರರ ಹೆಸರು, ಕೊಟ್ಟ ಮೊತ್ತ 1,20,000, ಹಿಡಿದದ್ದು 1,200, ಮೂರೂ ಅದರಲ್ಲಿ ಕಾಣಬೇಕು. ಕಾಣದಿದ್ದರೆ ಅವರು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಿಲ್ಲ, ಅಥವಾ ಪಾನ್ ನಂಬರ್ ತಪ್ಪು ಬರೆದಿದ್ದಾರೆ. ಆಗ ನೇರವಾಗಿ ಅವರನ್ನೇ ಕೇಳಿ ಸರಿ ಮಾಡಿಸಿಕೊಳ್ಳಿ. ಕಂಡರೆ ಐಟಿಆರ್-4 ಹಾಕಿದರೆ ಸಾಕು, ಸಣ್ಣ ವ್ಯವಹಾರದವರಿಗೆ ಅಂತಲೇ ಇರುವ ಫಾರ್ಮು, ಲೆಕ್ಕಪುಸ್ತಕ ಬೇಡ, ಆಡಿಟ್ ಬೇಡ. ವ್ಯವಹಾರದ ಮೊತ್ತದಲ್ಲಿ ಕನಿಷ್ಠ ಶೇ. 8ರಷ್ಟು, ಬ್ಯಾಂಕ್ ಅಥವಾ ಫೋನ್ ಮೂಲಕ ಬಂದ ದುಡ್ಡಾದರೆ ಶೇ. 6ರಷ್ಟು ಲಾಭ ಅಂತ ತೋರಿಸಿದರೆ ಒಪ್ಪುತ್ತಾರೆ. ಅದು ಕನಿಷ್ಠ. ನಿಮಗೆ ನಿಜವಾಗಿ ಉಳಿದದ್ದು ಜಾಸ್ತಿ, ಹಾಗಾಗಿ ಆ 1,40,000ವನ್ನೇ ತೋರಿಸಿ. ತೆರಿಗೆ ಹೇಗೂ ಸೊನ್ನೆ, ಮುಂದೆ ಮಷಿನ್‌ಗೆ ಸಾಲ ಕೇಳಲು ಹೋದಾಗ ಅದೇ ರಿಟರ್ನ್ ಕೆಲಸಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರ. ಗೃಹಲಕ್ಷ್ಮಿಯ 2,000 ನಿಮಗೆ ಬರುತ್ತಿದ್ದರೆ ರಿಟರ್ನ್ ಹಾಕುವುದಕ್ಕೆ ಹೆದರಿಕೆ ಇರುತ್ತದೆ, ಅದು ನನಗೆ ಗೊತ್ತು. ನಿಯಮ ಹೇಳುವುದು ಆದಾಯ ತೆರಿಗೆ ಕಟ್ಟುವವರಿಗೆ ಅದು ಇಲ್ಲ ಅಂತ. ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರು ತೆರಿಗೆ ಕಟ್ಟಿದವರಲ್ಲ. ಆದರೂ ಕಂಪ್ಯೂಟರ್ ಪಟ್ಟಿ ತಾಳೆ ಹಾಕುವಾಗ ರಿಟರ್ನ್ ಹಾಕಿದವರ ಹೆಸರೂ ಸಿಕ್ಕಿಕೊಂಡ ದೂರುಗಳು ಬಂದಿವೆ. 1,200ಕ್ಕೋಸ್ಕರ ತಿಂಗಳ 2,000 ನಿಂತುಹೋಗಿ ಆಫೀಸು ಅಲೆಯುವ ಹಾಗೆ ಆದರೆ ಕಷ್ಟ. ಅದಕ್ಕೆ ಮೊದಲೇ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ರಿಟರ್ನ್ ಹಾಕಿದರೆ ತೆರಿಗೆ ಸೊನ್ನೆ ಅಂತ ಕಾಣುವ ಪ್ರತಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಈ ಸಲದ 1,200 ಬಿಟ್ಟರೂ ಪರವಾಗಿಲ್ಲ ಅಂತ ನಿಮಗೆ ಅನಿಸಿದರೆ ಅದನ್ನೂ ತಪ್ಪು ಅನ್ನಲಾರೆ.

ಇನ್ನು ಮುಖ್ಯ ವಿಷಯ. ಸರ್ಕಾರ ಪಾಲು ಹಾಕುವ ಉಳಿತಾಯ ಅಂದರೆ ಏನು ಅಂತ ಕರಾವಳಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೀನುಗಾರರ ಉಳಿತಾಯ-ಪರಿಹಾರ ಯೋಜನೆ ನಿಮ್ಮ ಯಜಮಾನರಿಗೆ ಗೊತ್ತೇ ಇರುತ್ತದೆ. ಮೀನುಗಾರ ಹಿಡಿಯುವ ಕಾಲದಲ್ಲಿ ಒಟ್ಟು 1,500 ಕಟ್ಟುತ್ತಾನೆ, ಕೇಂದ್ರ ಮತ್ತು ರಾಜ್ಯ ಸೇರಿ 3,000 ಹಾಕುತ್ತವೆ, ದುಡಿಮೆ ಇಲ್ಲದ ಮೂರು ತಿಂಗಳು 1,500ರಂತೆ 4,500 ವಾಪಸ್ ಬರುತ್ತದೆ. ಇದಕ್ಕೂ ತೆರಿಗೆಗೂ ಸಂಬಂಧವೇ ಇಲ್ಲ. ಪಿಂಚಣಿಯಲ್ಲೂ ಇದೇ ಥರದ್ದು ಬೇಕು.

ಅಂಥದ್ದು ಪ್ರಧಾನ ಮಂತ್ರಿ ಶ್ರಮಯೋಗಿ ಮಾನ್‌ಧನ್. 2019ರಲ್ಲಿ ಶುರುವಾದದ್ದು. ವಯಸ್ಸು 18ರಿಂದ 40, ತಿಂಗಳ ಆದಾಯ 15,000ದ ಒಳಗೆ, ಪಿಎಫ್ ಇಎಸ್‌ಐ ಇರಬಾರದು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. ನಿಮ್ಮ 1,40,000ವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 12,000ದ ಒಳಗೇ ಬರುತ್ತದೆ. ಯೂನಿಫಾರ್ಮ್ ಕೆಲಸ ಬಂದ ತಿಂಗಳು ಕೈಯಲ್ಲಿ 40,000 ಓಡಾಡಿದರೂ ನಿಮ್ಮ ವರ್ಷದ ಸರಾಸರಿ ಇಷ್ಟೇ. ಟಿಡಿಎಸ್ ಹಿಡಿದ ಮಾತ್ರಕ್ಕೆ ನೀವು ತೆರಿಗೆ ಕಟ್ಟುವವರು ಆಗುವುದಿಲ್ಲ, ಅದು ವಾಪಸ್ ಬರಬೇಕಾದ ದುಡ್ಡು.

35ನೇ ವಯಸ್ಸಿಗೆ ಸೇರಿದರೆ ನೀವು ಕಟ್ಟುವುದು ತಿಂಗಳಿಗೆ 150. ಕೇಂದ್ರ ಸರ್ಕಾರ ಇನ್ನೊಂದು 150 ಹಾಕುತ್ತದೆ. 60 ಆದಮೇಲೆ ತಿಂಗಳಿಗೆ 3,000 ಪಿಂಚಣಿ. 25 ವರ್ಷದಲ್ಲಿ ನಿಮ್ಮ ಕೈಯಿಂದ ಹೋಗುವುದು ಒಟ್ಟು 45,000, ಪಿಂಚಣಿ ಶುರುವಾದ 15 ತಿಂಗಳಲ್ಲೇ ಅಷ್ಟೂ ಕೈಗೆ ಬಂದಿರುತ್ತದೆ. ಸರ್ಕಾರ ಹಾಕುವುದು ವರ್ಷಕ್ಕೆ 1,800. ಆ ಟಿಡಿಎಸ್ ದುಡ್ಡಿಗಿಂತ ಜಾಸ್ತಿ, ಅದೂ ಪ್ರತಿ ವರ್ಷ, ಯಾವ ರಿಟರ್ನೂ ಹಾಕದೆ. ವಯಸ್ಸು 18 ಇದ್ದವರಿಗೆ ತಿಂಗಳಿಗೆ 55, 40 ಇದ್ದವರಿಗೆ 200. ನಿಮ್ಮ ಬೀದಿಯಲ್ಲಿ ಆಗಷ್ಟೇ ಹೊಲಿಗೆ ಕಲಿಯುತ್ತಿರುವ ಹುಡುಗಿಯರಿದ್ದರೆ ಅವರಿಗೂ ಹೇಳಿ, ಒಂದು ಬ್ಲೌಸಿನ ಮಜೂರಿಯಲ್ಲಿ ಅವರ ತಿಂಗಳ ಕಂತು ಮುಗಿಯುತ್ತದೆ.

ಇದರ ಕೊರತೆಯೂ ಹೇಳಬೇಕು. ಪಿಂಚಣಿ ಬರುವಾಗ ನೀವು ತೀರಿಕೊಂಡರೆ ಗಂಡನಿಗೆ ಅರ್ಧ, ಅಂದರೆ 1,500. ಇಬ್ಬರ ನಂತರ ಮಕ್ಕಳಿಗೆ ಏನೂ ಬರುವುದಿಲ್ಲ, ಉಳಿದ ಮೊತ್ತ ನಿಧಿಗೇ ಹೋಗುತ್ತದೆ. ಹತ್ತು ವರ್ಷದೊಳಗೆ ಬಿಟ್ಟರೆ ನೀವು ಹಾಕಿದ ಪಾಲು ಉಳಿತಾಯ ಖಾತೆಯ ಬಡ್ಡಿಯ ಜೊತೆ ವಾಪಸ್, ಸರ್ಕಾರದ ಪಾಲು ಇಲ್ಲ.

ಇನ್ನೊಂದು ಅಟಲ್ ಪಿಂಚಣಿ ಯೋಜನೆ, ಇದು ನೀವು ಕೇಳಿರುತ್ತೀರಿ. 2015ರಲ್ಲಿ ಶುರು. ವಯಸ್ಸಿನ ಮಿತಿ ಇಲ್ಲೂ 18ರಿಂದ 40. ಆಗ ಮೊದಲ ವರ್ಷ ಸೇರಿದ, ತೆರಿಗೆ ಕಟ್ಟದ, ಬೇರೆ ಭದ್ರತೆ ಇಲ್ಲದ ಜನರಿಗೆ ಕಟ್ಟಿದ್ದರಲ್ಲಿ ಅರ್ಧ, ಅಥವಾ ವರ್ಷಕ್ಕೆ 1,000, ಯಾವುದು ಕಡಿಮೆಯೋ ಅದನ್ನು ಸರ್ಕಾರ ಐದು ವರ್ಷ ಹಾಕಿತ್ತು. ಈಗ ಸೇರುವವರಿಗೆ ಅದು ಇಲ್ಲ. 2022ರ ಅಕ್ಟೋಬರ್‌ನಿಂದ ತೆರಿಗೆ ಕಟ್ಟುವವರು ಸೇರುವಂತೆಯೂ ಇಲ್ಲ. ಇಲ್ಲಿ ನಿಮ್ಮ ವಯಸ್ಸಿಗೆ 3,000 ಪಿಂಚಣಿ ಬೇಕಾದರೆ ತಿಂಗಳಿಗೆ 543, 5,000 ಬೇಕಾದರೆ 902. ಮಾನ್‌ಧನ್‌ನ 150ರ ಎದುರಿಗೆ ದುಬಾರಿ ಅನಿಸುತ್ತದೆ. ಆದರೆ ಇದರಲ್ಲಿ ನಿಮ್ಮ ನಂತರ ಗಂಡನಿಗೆ ಪೂರ್ತಿ ಪಿಂಚಣಿ, ಅವರ ನಂತರ ನಾಮಿನಿಗೆ 3,000ದ ಪಿಂಚಣಿಯಾದರೆ 5,10,000, 5,000ದ್ದಾದರೆ 8,50,000 ಒಟ್ಟಿಗೆ ಸಿಗುತ್ತದೆ.

ಯಾವುದು ಆರಿಸಬೇಕು ಅಂದರೆ ನನ್ನ ಅಭಿಪ್ರಾಯ ಸ್ಪಷ್ಟ. ನಿಮ್ಮ ಆದಾಯಕ್ಕೆ ಮೊದಲು ಮಾನ್‌ಧನ್. ಸರ್ಕಾರ ಸಮಪಾಲು ಹಾಕುವ ಜಾಗ ಬಿಟ್ಟು ಬೇರೆ ಕಡೆ ಮೊದಲ ರೂಪಾಯಿ ಹಾಕಬಾರದು. ಮಕ್ಕಳಿಗೆ ಏನಾದರೂ ಉಳಿಯಬೇಕು ಅನ್ನುವ ಆಸೆ ಬಲವಾಗಿದ್ದು, 543 ಪ್ರತಿ ತಿಂಗಳು ಕಷ್ಟವಿಲ್ಲದೆ ಹೊರಡುತ್ತದೆ ಅಂತಾದರೆ ಮಾತ್ರ ಅಟಲ್.

ಮಾನ್‌ಧನ್‌ಗೆ ಹತ್ತಿರದ ಸಿಎಸ್‌ಸಿ ಕೇಂದ್ರಕ್ಕೆ, ಅಂದರೆ ಸಾಮಾನ್ಯ ಸೇವಾ ಕೇಂದ್ರಕ್ಕೆ, ಹೋಗಬೇಕು. ಆಧಾರ್, ಐಎಫ್‌ಎಸ್‌ಸಿ ಕಾಣುವ ಪಾಸ್‌ಬುಕ್, ಓಟಿಪಿ ಬರುವ ಮೊಬೈಲ್, ಇಷ್ಟು ಸಾಕು. ಮೊದಲ ಕಂತು ಅಲ್ಲೇ ನಗದಾಗಿ ಕಟ್ಟಬೇಕು, ಆಮೇಲೆ ಖಾತೆಯಿಂದ ತಾನಾಗಿ ಹೋಗುತ್ತದೆ. ಆಧಾರ್‌ನಲ್ಲಿರುವ ಹುಟ್ಟಿದ ತಾರೀಕಿನ ಪ್ರಕಾರವೇ ಕಂತು ನಿಗದಿಯಾಗುತ್ತದೆ, ಅದರಲ್ಲಿ ತಪ್ಪಿದ್ದರೆ ಮೊದಲು ತಿದ್ದಿಸಿ. ಅಟಲ್ ಆದರೆ ನಿಮ್ಮ ಬ್ಯಾಂಕಿನಲ್ಲೇ ಅಥವಾ ಅಂಚೆ ಕಚೇರಿಯಲ್ಲಿ ಮಾಡುತ್ತಾರೆ.

ಕಂತು ಯಾವಾಗ ಹೋಗಬೇಕು ಅನ್ನುವುದನ್ನು ಸುಮ್ನೆ ಬಿಡಬೇಡಿ, ನಮ್ಮ ಕಡೆಯವರಿಗೆ ಅದು ದೊಡ್ಡ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲ, ಮನೆಯಲ್ಲಿ ಮಕ್ಕಳ ಶಾಲೆ ಶುರುವಿನ ಖರ್ಚು, ಖಾತೆಯಲ್ಲಿ ದುಡ್ಡಿರುವುದಿಲ್ಲ. ತಿಂಗಳ ಕಂತು ಇಟ್ಟುಕೊಂಡರೆ ಸರಿಯಾಗಿ ಆಗಲೇ ಎರಡು ಕಂತು ತಪ್ಪುತ್ತದೆ. ಅಟಲ್‌ನಲ್ಲಿ ತಪ್ಪಿದ ಪ್ರತಿ 100 ರೂಪಾಯಿಗೆ ತಿಂಗಳಿಗೆ 1 ರೂಪಾಯಿ ದಂಡ, ಅದು ಸಣ್ಣದೇ. ಆದರೆ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದರೆ ಕೆಲವು ಬ್ಯಾಂಕುಗಳು ತಮ್ಮ ಶುಲ್ಕ ಬೇರೆ ಹಿಡಿಯುತ್ತವೆ, 150 ರೂಪಾಯಿ ಕಂತಿಗೆ ಅದು ಭಾರ. ಎರಡೂ ಯೋಜನೆಗಳಲ್ಲಿ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಕಟ್ಟುವ ಅವಕಾಶ ಇದೆ. ನಿಮಗೆ ದುಡ್ಡು ಬರುವುದು ಏಪ್ರಿಲ್, ಮೇಯಲ್ಲಿ, ಯೂನಿಫಾರ್ಮ್ ಕೆಲಸದಿಂದ. ಆಗಲೇ ಆರು ತಿಂಗಳದ್ದು ಹೋಗುವ ಹಾಗೆ, ಇನ್ನೊಂದು ಕಂತು ಬೋಟುಗಳು ಚೆನ್ನಾಗಿ ಓಡುವ ದೀಪಾವಳಿ ಹೊತ್ತಿಗೆ ಬರುವ ಹಾಗೆ ಸೇರುವ ತಿಂಗಳನ್ನು ನೋಡಿಕೊಳ್ಳಿ.

ಯಜಮಾನರ ವಿಷಯ ಕಷ್ಟದ್ದು. 40 ದಾಟಿದೆ, ಎರಡೂ ಯೋಜನೆಗಳು ಅವರಿಗೆ ಮುಚ್ಚಿವೆ. ದುಡಿದು ದುಡಿದು 43ಕ್ಕೆ ಬಂದ ಮನುಷ್ಯನಿಗೆ ಸರ್ಕಾರದ ಪಾಲು ಇರುವ ಒಂದೂ ಪಿಂಚಣಿ ಇಲ್ಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಮುಪ್ಪಿನ ಚಿಂತೆ ಶುರುವಾಗುವುದೇ ಆ ವಯಸ್ಸಿಗೆ ಅಲ್ವಾ? ಕಂತು ಜಾಸ್ತಿ ಇಟ್ಟಾದರೂ 50ರವರೆಗೆ ಸೇರಲು ಬಿಡಬೇಕು.

ಅವರಿಗೆ ನಾನು ಹೇಳುವುದು ಅಂಚೆ ಕಚೇರಿಯ ಪಿಪಿಎಫ್. ಎನ್‌ಪಿಎಸ್ ಕೂಡ ಇದೆ, ವರ್ಷಕ್ಕೆ 1,000 ಹಾಕಿದರೂ ನಡೆಯುತ್ತದೆ, ಆದರೆ ಅದರ ದುಡ್ಡು ಷೇರು, ಬಾಂಡುಗಳಲ್ಲಿ ಹೋಗುತ್ತದೆ, ಏರಿಳಿತ ಇರುತ್ತದೆ, ಕೊನೆಯಲ್ಲಿ ಒಂದು ಭಾಗದಿಂದ ಪಿಂಚಣಿ ಕೊಳ್ಳುವ ನಿಯಮಗಳೂ ಇವೆ. ಪಾಲಿನ ದುಡಿಮೆಯವರಿಗೆ ಪಿಪಿಎಫ್ ಸುಲಭ. ವರ್ಷಕ್ಕೆ ಕನಿಷ್ಠ 500, ಮೇಲೆ ಎಷ್ಟು ಬೇಕಾದರೂ ಒಂದೂವರೆ ಲಕ್ಷದವರೆಗೆ. ಬಂಗಡೆ ಚೆನ್ನಾಗಿ ಬಿದ್ದ ವಾರ 2,000 ಹಾಕಿ, ಬಲೆ ಖಾಲಿ ಬಂದ ತಿಂಗಳು ಏನೂ ಹಾಕಬೇಡಿ, ಯಾರೂ ದಂಡ ಕೇಳುವುದಿಲ್ಲ. ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1 ಇದೆ, ಮೂರು ತಿಂಗಳಿಗೊಮ್ಮೆ ಸರ್ಕಾರ ಅದನ್ನು ಬದಲಿಸಬಹುದು. ತಿಂಗಳ 5ನೇ ತಾರೀಕಿನೊಳಗೆ ಹಾಕಿದ ದುಡ್ಡಿಗೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ಅವಧಿ 15 ವರ್ಷ, ಈಗ ತೆರೆದರೆ ಅವರ 60ರ ಒಳಗೆ ಕೈಗೆ ಬರುತ್ತದೆ. ವರ್ಷಕ್ಕೆ 18,000 ಸೇರುವ ಹಾಗೆ ಹಾಕಿದರೆ ಇದೇ ಬಡ್ಡಿಯಲ್ಲಿ ನಾಲ್ಕೂವರೆ ಲಕ್ಷದ ಮೇಲೆ ಆಗುತ್ತದೆ. ಮತ್ತೊಂದು ಗುಣ, ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಪಿಪಿಎಫ್ ದುಡ್ಡನ್ನು ಜಪ್ತಿ ಮಾಡುವಂತಿಲ್ಲ. ಬೋಟು, ಬಲೆ ಅಂತ ಕೈಸಾಲ ಓಡಾಡುವ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ತೆರಿಗೆ ಬಗ್ಗೆ ಅವರಿಗೂ ಒಂದು ಮಾತು. ಮೀನುಗಾರಿಕೆ ಆದಾಯ ಕೃಷಿ ಆದಾಯದ ಥರ ಪೂರ್ತಿ ಮಾಫಿ ಅಂತ ಬಂದರಿನಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಶಿರಸಿಯ ಅಡಿಕೆ ತೋಟದ ಆದಾಯ ಕೃಷಿ ಆದಾಯ, ಬೈತಕೋಲದ ಮೀನಿನದ್ದು ವ್ಯವಹಾರದ ಆದಾಯ. ಅವರಿಗೆ ತೆರಿಗೆ ಇಲ್ಲದಿರುವುದು ಆದಾಯ ಕಡಿಮೆ ಇರುವುದರಿಂದ.

ಆ ಪಾಲಿಸಿಯಲ್ಲಿ ಏಜೆಂಟರು ಹೇಳಿದ ಇನ್ನೊಂದು ಆಸೆ ಜೀವವಿಮೆ ಇರಬಹುದು. ಸಮುದ್ರಕ್ಕೆ ಹೋಗುವವರ ಮನೆಗೆ ವಿಮೆ ಬೇಕು, ಖಂಡಿತ ಬೇಕು. ಅದಕ್ಕೆ 25,000 ಬೇಡ. ಬ್ಯಾಂಕ್ ಖಾತೆಯ ಮೂಲಕ ಜೀವನ್ ಜ್ಯೋತಿ ವರ್ಷಕ್ಕೆ 436, ಯಾವ ಕಾರಣದಿಂದ ತೀರಿಕೊಂಡರೂ 2 ಲಕ್ಷ, 50 ವರ್ಷದವರೆಗೆ ಸೇರಬಹುದು. ಸುರಕ್ಷಾ ಬಿಮಾ ವರ್ಷಕ್ಕೆ 20, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ, ಅದು 70ರವರೆಗೆ. ಎರಡೂ ಸೇರಿ 456. ಎರಡಕ್ಕೂ ದುಡ್ಡು ಹೋಗುವುದು ಮೇ ಕೊನೆಯಲ್ಲಿ, ಬೋಟುಗಳು ದಡಕ್ಕೆ ಬರುವ ಹೊತ್ತಿಗೆ. ಆಗ ಖಾತೆಯಲ್ಲಿ ಅಷ್ಟು ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಎಷ್ಟೋ ಮನೆಗಳಿಗೆ ಅದು ಗೊತ್ತಾಗುವುದು ದುರಂತ ಆದಮೇಲೆ. ಮೇ 20ರ ಒಳಗೆ 500 ಹಾಕಿಡಿ. ಇದಲ್ಲದೆ ಮೀನುಗಾರಿಕೆ ಇಲಾಖೆಯಲ್ಲಿ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆ ಇದೆ, ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 5 ಲಕ್ಷ, ಕಂತು ಸರ್ಕಾರದ್ದೇ. ಅದರಲ್ಲಿ ಅವರ ಹೆಸರು ಇದೆಯಾ ಅಂತ ಸಹಕಾರ ಸಂಘದಲ್ಲಿ ಕೇಳಲಿ.

ಕೊನೆಗೆ 3,000ದ ಬಗ್ಗೆ ನಿಜ ಹೇಳಬೇಕು. 25 ವರ್ಷದ ನಂತರದ 3,000 ಈಗಿನ 3,000 ಅಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಆಗಿನ 3,000ಕ್ಕೆ ಸಿಗುವುದು ಈಗ 700ಕ್ಕೆ ಸಿಗುವಷ್ಟು ಸಾಮಾನು. ಅದರಲ್ಲಿ ಸಂಸಾರ ನಡೆಯುವುದಿಲ್ಲ. ಹಾಗಂತ ಬಿಡುವುದೂ ತಪ್ಪು, ಯಾಕೆಂದರೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ವಾಪಸ್ ಬರುವುದು ನಿಮಗೆ ಬೇರೆಲ್ಲೂ ಇಲ್ಲ. ಇದನ್ನು ತಳ ಅಂತ ಇಟ್ಟುಕೊಂಡು ಮೇಲೆ ಕಟ್ಟಬೇಕು. ಪಾಲಿಸಿಗೆ ಅಂತ ಮನಸ್ಸಿನಲ್ಲಿ ಎತ್ತಿಟ್ಟ 25,000ದಲ್ಲಿ ನಿಮ್ಮಿಂದ ನಿಜವಾಗಿ ಆಗುವುದು ಎಷ್ಟು, ವರ್ಷಕ್ಕೆ 10,000? ಹಾಗಾದರೆ 1,800 ಮಾನ್‌ಧನ್‌ಗೆ, ಇಬ್ಬರ ಎರಡು ವಿಮೆಗೆ 912, ಉಳಿದ ಏಳು ಸಾವಿರ ಚಿಲ್ಲರೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಪಿಪಿಎಫ್ ತೆರೆದು ಅದಕ್ಕೆ. ಯಜಮಾನರ ಪಿಪಿಎಫ್ ಅವರ ಪಾಲಿನ ದುಡ್ಡಿನಿಂದ ಬೇರೆ ನಡೆಯಲಿ. ನಿಮ್ಮದನ್ನು ಅವರ ಖಾತೆಗೆ ಸೇರಿಸಬೇಡಿ, ಮುಪ್ಪಿಗೆ ನಿಮ್ಮ ಹೆಸರಿನಲ್ಲಿ ನಿಮ್ಮದೇ ದುಡ್ಡು ಇರಬೇಕು.

ನಿಮಗಿಂತ ಜಾಸ್ತಿ ಆದಾಯ ಇರುವ, ವರ್ಷಕ್ಕೆ 12 ಲಕ್ಷ ದಾಟುವ ಸ್ವಂತ ಉದ್ಯೋಗದವರು ಇದನ್ನು ಓದುತ್ತಿದ್ದರೆ ಅವರ ಲೆಕ್ಕ ಬೇರೆ. ಅವರಿಗೆ ಹಳೆಯ ಪದ್ಧತಿ, ಎನ್‌ಪಿಎಸ್‌ನ ಹೆಚ್ಚುವರಿ 50,000 ಇದೆಲ್ಲ ಕೂತು ನೋಡಬೇಕಾದ ವಿಷಯ. ವ್ಯಾಪಾರದ ಆದಾಯ ಇರುವವರು ಹಳೆಯ ಪದ್ಧತಿಗೆ ಹೋಗಿ ಹೊಸದಕ್ಕೆ ಮರಳುವುದು ಒಂದೇ ಸಲ ಅನ್ನುವುದನ್ನು ಮಾತ್ರ ಮರೆಯಬೇಡಿ.

ತಂಗಿ, ನಿಮಗೆ 40 ಆಗುವುದಕ್ಕೆ ಐದು ವರ್ಷ ಇದೆ. ಆದರೆ 36 ತುಂಬಿದರೆ ಮಾನ್‌ಧನ್ ಕಂತು 160, ಅಟಲ್‌ನ 5,000ದ ಕಂತು 902ರಿಂದ 990. ನಿಮ್ಮ ಹುಟ್ಟುಹಬ್ಬ ಯಾವ ತಿಂಗಳು ಅಂತ ನೋಡಿ, ಅದಕ್ಕೆ ಮೊದಲೇ ಸಿಎಸ್‌ಸಿಗೆ ಹೋಗಿ ಬನ್ನಿ. ನಾಮಿನಿ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಬರೆಸಿ, ರಸೀದಿ ಮತ್ತು ಕಾರ್ಡು ತೆಗೆದುಕೊಳ್ಳದೆ ಅಲ್ಲಿಂದ ಏಳಬೇಡಿ.